ಮೆಂತ್ಯದ ಡಬ್ಬಿಯ ಮೇಲಿದ್ದ ಬರಹ

ಜೂನ್ 12, ಗುರುವಾರ. ಮಧ್ಯಾಹ್ನ 3

ರಷ್ಯನ್ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಿದೆ. ಮಾತು 50ಕ್ಕೆ 43. ಅಚ್ಚಿನ ಓದು 25ಕ್ಕೆ 17. ಕೈಬರಹದ ಓದು 25ಕ್ಕೆ ಸೊನ್ನೆ. ತಿಳಿಸಿದವರು ಹೈದರಾಬಾದಿನ ವಿಶ್ವವಿದ್ಯಾಲಯದ ಮಹಾಲಕ್ಷ್ಮಿ ಮೇಡಂ, ಫೋನಿನಲ್ಲಿ.

ಮನೆಯಲ್ಲಿ ಕೇಳಿ ಕಲಿತವರಿಗೆ ಅಲ್ಲಿ ಬೇರೆಯೇ ಗುಂಪು ಇದೆ. ಹೆರಿಟೇಜ್ ಗ್ರೂಪ್ ಅನ್ನುತ್ತಾರೆ. ಸೀಟು ಎರಡು. ಒಂದು ತುಂಬಿದೆ. ಇನ್ನೊಂದು ನನಗೆ — ಕೈಬರಹದಲ್ಲಿ 15 ಬಂದರೆ. ಮರುಪರೀಕ್ಷೆ ಜುಲೈ 10. ಬರದಿದ್ದರೆ ವೇಟಿಂಗ್ ಲಿಸ್ಟಿನಲ್ಲಿರುವ ಹುಡುಗಿಗೆ ಹೋಗುತ್ತದೆ.

"ನಿನ್ನ ಉಚ್ಚಾರ ಅಲ್ಲೇ ಹುಟ್ಟಿದವರ ಥರ ಇದೆ. ಆದರೆ ಮಾತು ಒಂಬತ್ತು ವರ್ಷದ ಮಗುವಿನದು. ಯಾಕಮ್ಮ?" ಎಂದರು ಮೇಡಂ.

ಕಾರಣ ಹೇಳಿದೆ. ಅಮ್ಮ ರಷ್ಯಾದವಳು. ಅವಳು ತೀರಿಕೊಂಡಾಗ ನನಗೆ ಒಂಬತ್ತು. ಅಲ್ಲಿಂದೀಚೆಗೆ ಮಸ್ಕಿಯ ಈ ಮನೆಯಲ್ಲಿ ರಷ್ಯನ್ ಇಲ್ಲ. ನನ್ನದು ಅಲ್ಲಿಗೇ ನಿಂತಿದೆ. ಒಂಬತ್ತು ವರ್ಷವಾಯಿತು... ಮುಂದಕ್ಕೆ ಹೋಗಬೇಕು. ಬೇರೆ ದಾರಿ ಕಾಣುತ್ತಿಲ್ಲ.

ಜೂನ್ 13

ಅಪ್ಪ ಸಿಂಧನೂರಿನ ಕ್ಲಿನಿಕ್‌ನಿಂದ ಬಂದ ಕೂಡಲೇ ಕೇಳಿದೆ. ರಷ್ಯಾದಲ್ಲಿ ಡಾಕ್ಟರಿಕೆ ಓದಿದವರು. ಅಮ್ಮನನ್ನು ಮದುವೆಯಾಗಿದ್ದೂ ಅಲ್ಲೇ.

"ನಾ ಓದಿದ್ದು ಇಂಗ್ಲಿಷ್ ಮೀಡಿಯಂ, ಅಶ್ವಿನಿ. ಎಲ್ಲಿ ನೋವೈತಿ ಅಂತ ಪೇಷಂಟಿಗೆ ಕೇಳೋವಷ್ಟು ಬರ್ತಿತ್ತು. ಅದೂ ಮರ್ತದ. ಕೈಬರಹ ಏನಿದ್ರೂ ನಿಮ್ಮವ್ವನೇ ಓದಿ ಹೇಳ್ತಿದ್ಲು."

ಅಮ್ಮ ಬರೆದದ್ದು ಏನಾದರೂ ಉಳಿದಿದೆಯೇ? ಕಾಗದ, ಪತ್ರ? ಇಲ್ಲವಂತೆ. ಆಮೇಲೆ ಅಡುಗೆಮನೆಯತ್ತ ಕೈ ತೋರಿಸಿದರು.

ಡಬ್ಬಿಗಳು.

ಜೂನ್ 14. ಬೆಳಿಗ್ಗೆ 11

ಸ್ಟೀಲ್ ಡಬ್ಬಿ ಇಪ್ಪತ್ತೊಂದು. ಪ್ರತಿಯೊಂದರ ಮೇಲೂ ಒಂದು ಚೀಟಿ, ಅದರ ಮೇಲೆ ಸೆಲೋಟೇಪು. ಬಂದ ಹೊಸದರಲ್ಲಿ ಅಮ್ಮನಿಗೆ ಜೀರಿಗೆ ಯಾವುದು, ಸೋಂಪು ಯಾವುದು ತಿಳಿಯುತ್ತಿರಲಿಲ್ಲವಂತೆ. ಬರೆದು ಅಂಟಿಸಿದಳು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಇವು ಅಕ್ಷರಗಳು ಎಂದು ಒಮ್ಮೆಯೂ ಹೊಳೆಯಲಿಲ್ಲ. ಸಿಕ್ಕುಗಟ್ಟಿದ ದಾರದಂತೆ ಕಾಣುತ್ತವೆ.

ಅಜ್ಜಿ ಹಿಂದಿನಿಂದ ಬಂದಳು.

"ಏನವಾ, ಡಬ್ಬಿ ಮುಂದ ನಿಂತು ಜಪ ಮಾಡಾಕತ್ತಿ?"

"ಓದಾಕ ಬರವಲ್ದು ಅಜ್ಜಿ."

"ಅದರಾಗ ಬರದಿರೋದೇನೈತಿ? ಇದು ಉಪ್ಪು. ಇದು ಚಾಪುಡಿ. ಇದು ತೊಗರಿಬ್ಯಾಳಿ."

ಇಟ್ಟ ಜಾಗದ ಗುರುತಿನಿಂದ ಹೇಳುತ್ತಿದ್ದಾಳೆ ಎಂದುಕೊಂಡೆ. ಅಜ್ಜಿಯನ್ನು ಕಟ್ಟೆಗೆ ಕಳಿಸಿ ಎಲ್ಲವನ್ನೂ ಅದಲುಬದಲು ಮಾಡಿದೆ. ಕರೆದೆ. ಮುಚ್ಚಳ ಮುಟ್ಟಲು ಬಿಡಲಿಲ್ಲ.

ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಸರಿ.

ಗುರುಲಿಂಗಮ್ಮ, ವಯಸ್ಸು 74. ಶಾಲೆಗೆ ಹೋದವಳಲ್ಲ. ಲಿಂಗಸುಗೂರಿಗೆ ಹೋಗುವ ಬಸ್ಸು ಯಾವುದೆಂದು ಇವತ್ತಿಗೂ ಕೇಳಿ ಹತ್ತುತ್ತಾಳೆ. ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುವವಳು ನಾನು. ಈ ಊರಿನಲ್ಲಿ ರಷ್ಯನ್ ಕೈಬರಹ ಓದಬಲ್ಲವಳು ಆಕೆಯೊಬ್ಬಳೇ.



ಜೂನ್ 18

ಅಜ್ಜಿ ಒಂದು ರಷ್ಯನ್ ಮಾತೂ ಆಡಳು. ನಾನು ಆಡುತ್ತೇನೆ, ಓದಲಾರೆ. ಆಕೆ ಆಕಾರ ಕೊಡುತ್ತಾಳೆ, ನಾನು ಸದ್ದು ಕೊಡುತ್ತೇನೆ. ಕೆಲಸ ಹೀಗೆ ನಡೆದಿದೆ.

ರೊಟ್ಟಿ ಬಡಿಯುವ ಮೊದಲು ಕಲ್ಲಿನ ಮೇಲೆ ಜೋಳದ ಹಿಟ್ಟು ಹರಡಿ ಬೆರಳಿನಿಂದ ಬರೆಯುತ್ತಾಳೆ. ಡಬ್ಬಿ ನೋಡುವುದೇ ಇಲ್ಲ. ಒಂದೊಂದೇ ಅಕ್ಷರ ಬಿಡಿಸಿ ತೋರಿಸು ಎಂದೆ. ಬೈದಳು.

"ನಡುವ ಬೆರಳು ಎತ್ತಬ್ಯಾಡ ಬೇ. ರಂಗೋಲಿ ಎಳಿ ಕಡಿದ್ರ ಏನು ಉಳೀತೈತಿ?"

ನಾನು ತಪ್ಪಿದ್ದು ಅಲ್ಲೇ. ಅಚ್ಚಿನ ಅಕ್ಷರಗಳನ್ನು ಒಂದರ ಪಕ್ಕ ಒಂದು ಹುಡುಕುತ್ತಿದ್ದೆ. ಕೈಬರಹದಲ್ಲಿ ಅವು ಬಿಡಿಯಾಗಿ ಇಲ್ಲ. ಅಚ್ಚಿನಲ್ಲಿ ಒಂಟಿ ಕಂಬವಾಗಿದ್ದ ‘ತ’ ಎಂಬ ಅಕ್ಷರ ಇಲ್ಲಿ ಮೂರು ಕಾಲಿನ ಮಣೆ. ಎಳೆ ಹಿಡಿದು ಹೋದರೆ ಮಾತ್ರ ಸಿಗುತ್ತದೆ.

ಇವತ್ತು ಏಳು ಡಬ್ಬಿ ಓದಿದೆ.

ಜೂನ್ 25. ಸಂಜೆ

ಇಪ್ಪತ್ತೊಂದೂ ಮುಗಿದವು.

"ಇನ್ನೊಂದೈತಲ್ಲ," ಎಂದಳು ಅಜ್ಜಿ. "ಮೆಂತ್ಯ."

ಇಪ್ಪತ್ತೆರಡನೆಯ ಡಬ್ಬಿ ಆಕೆಯ ಮಂಚದ ಪಕ್ಕದಲ್ಲಿದೆ. ಶುಗರ್‌ಗೆಂದು ದಿನಾ ಒಂದು ಚಮಚ ಮೆಂತ್ಯ ನುಂಗುತ್ತಾಳೆ. ಅಭ್ಯಾಸ ಮಾಡಿಸಿದವಳು ಅಮ್ಮ. ದಿನಾ ಕೈಯಾಡಿ ಚೀಟಿ ಸವೆದಿದೆ. ಬೆಳಕಿಗೆ ಹಿಡಿದೆ. ಏನೂ ಇಲ್ಲ. ಬರೀ ಟೇಪು.

"ಚೀಟಿ ಯಾಕ ಬೇಕು?" ಹಿಟ್ಟಿನ ಮೇಲೆ ಎಳೆದಳು. ಉದ್ದನೆಯ ಗೆರೆ, ಕಲ್ಲಿನ ಈ ಅಂಚಿನಿಂದ ಆ ಅಂಚಿಗೆ. ಬೆಟ್ಟಗಳು, ಸುತ್ತುಗಳು, ಮತ್ತೆ ಬೆಟ್ಟಗಳು. "ಇದು ಮೆಂತ್ಯ. ಎಲ್ಲಾಕ್ಕಿಂತ ಉದ್ದ."

ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೇಳಿದಳು —

"ಹದಿಮೂರು ವರ್ಷ ಇದ್ಲು ನಿಮ್ಮವ್ವ ಈ ಮನ್ಯಾಗ. ಓಣಿ ಮಂದಿ ಲಾರಿಸಾ ಅನ್ನಾಕ ಬರದ ಲಾರಸಮ್ಮ ಅಂದ್ರು, ಅದಕ್ಕೂ ಓ ಅಂದ್ಲು. ಎಲ್ಲಾ ಕಲ್ತ್ಲು. ನನ್ನ ಮಾತ್ರ ಒಂದಿನಾ ಅವ್ವಾ ಅನ್ಲಿಲ್ಲ. ಅತ್ತಿ, ಅತ್ತಿ. ಯಾಕ ಅಂತ ಕೇಳಿದ್ರ, ನಮ್ಮವ್ವ ನಮ್ಮೂರಾಗ ಅದಾಳ ಅಂದ್ಲು."

ರೊಟ್ಟಿ ತಿರುವಿ ಹಾಕಿದೆ.

ಜೂನ್ 29

ನಿಘಂಟಿನಲ್ಲಿ ಮೆಂತ್ಯ ಸಿಕ್ಕಿತು. ಅಜ್ಜಿಯ ಗೆರೆಗೆ ಹೊಂದುವುದಿಲ್ಲ. ಮೊದಲ ಅಕ್ಷರವೇ ಬೇರೆ. ಅಜ್ಜಿಗೆ ಮರೆತಿರಬಹುದು. ಚೀಟಿ ಹೋಗಿ ವರ್ಷಗಳಾದವು. ಅವಸರದಲ್ಲಿ ಎಳೆದು ಎಳೆದು ಗೆರೆ ಬದಲಾಗಿರಲೂಬಹುದು.

ಇನ್ನೊಮ್ಮೆ ಬರೆಸಿದೆ. ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ. ಒಂದು ಸುತ್ತೂ ಹೆಚ್ಚುಕಡಿಮೆ ಇಲ್ಲ.

ಜುಲೈ 5, ಶನಿವಾರ. ಬೆಳಿಗ್ಗೆ 7.30

ಓದಿದೆ.

ಅದು ಒಂದು ಪದವಲ್ಲ. ಮೂರು. ನಡುವೆ ಬಿಟ್ಟ ಜಾಗಗಳನ್ನು ಅಜ್ಜಿ ಎಳೆಯಿಂದ ಸೇರಿಸಿಬಿಟ್ಟಿದ್ದಳು — ಬೆರಳು ಎತ್ತಬಾರದಲ್ಲ. ಹಲ್ಲುಜ್ಜುತ್ತ ನೋಡುತ್ತಿದ್ದೆ. ನಡುವೆ ಆ ಮೂರು ಕಾಲಿನ ಮಣೆ ಕಂಡಿತು. ಅಲ್ಲಿಂದ ಎರಡೂ ಕಡೆ ಬಿಚ್ಚಿಕೊಂಡಿತು.

ಬ್ರಷ್ ಹಿಡಿದುಕೊಂಡೇ ಮಂಚದ ಬಳಿ ಹೋದೆ. ಅಜ್ಜಿ ವಿಭೂತಿ ಧರಿಸುತ್ತಿದ್ದಳು. ಗಟ್ಟಿಯಾಗಿ ಓದಿದೆ: "ಮಾಮೆ, ಅತ್ ಸಾಖರ."

ಅಜ್ಜಿಯ ಕೈ ಹಣೆಯ ಮೇಲೇ ನಿಂತಿತು.

"ಕಡೀದು ಸಕ್ರಿ ಅಂದಂಗಾತು."

"ಹೌದು. ಸಕ್ರಿ ಕಾಯಿಲಿಗೆ ಅಂತ."

"ಮತ್ತ ಮೊದಲಿಂದು? ಮಾಮಾ ಅಂದ್ರ... ಸಣ್ಣಾಕಿ ಇದ್ದಾಗ ನೀ ನಿಮ್ಮವ್ವನ್ನ ಹಂಗ ಕರೀತಿದ್ದೆಲ್ಲಾ? ಮಂದಿ ನಗ್ತಿದ್ರು."

"ಅದಾ ಅಜ್ಜಿ. ಅವ್ವನಿಗೆ ಅಂತ ಬರದಾಳ."

"ಯಾರ ಅವ್ವಗ?"

"ಈ ಡಬ್ಬಿ ಯಾರದು?"

ಅಜ್ಜಿ ಡಬ್ಬಿ ಎತ್ತಿ ಮಡಿಲಲ್ಲಿಟ್ಟುಕೊಂಡು ಬರಿ ಟೇಪಿನ ಮೇಲೆ ಬೆರಳು ಓಡಿಸಿದಳು. ಆ ತುದಿಗೆ ಹೋಗಿ, ಮೊದಲಿಗೆ ಬಂದು, ಮೊದಲ ಪದದ ಕೊನೆಗೆ ನಿಲ್ಲಿಸಿದಳು. ಅಲ್ಲಿ ಬೆರಳು ಎತ್ತಿದಳು.

"ಖೋಡಿ," ಎಂದು ಮೆಲ್ಲಗೆ ಬೈದಳು. ನನಗಲ್ಲ.

ಕಾಗದದ ಮೇಲೆ ಅಳಿಸಿಹೋದದ್ದು ಅಜ್ಜಿಯ ಬೆರಳಿನಲ್ಲಿತ್ತು. ದಿನಾ ಎದುರಿಗೇ ಇತ್ತು. ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಬರೆದಿದ್ದೇನೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹೂಂ" ಎಂದರು. ಪೇಷಂಟ್ ಇದ್ದಾರೆ ಎಂದರು. ಫೋನ್ ಮಾತ್ರ ಇಡಲಿಲ್ಲ.

ಜುಲೈ 10, ಗುರುವಾರ

ಮರುಪರೀಕ್ಷೆ ಆಯಿತು. ಲಿಂಗಸುಗೂರಿನ ಕಂಪ್ಯೂಟರ್ ಸೆಂಟರ್, 11ರಿಂದ 11.40. ಪರದೆಯ ಮೇಲೆ ಯಾರೋ ತಂಗಿಗೆ ಬರೆದ ಕಾಗದ. ಎರಡು ಪುಟ. ಎಳೆ ಹಿಡಿದು ಹೋದೆ. ಮೂರು ಕಡೆ ತಡೆಯಿತು. ಒಂದು ಕಡೆ ಕರೆಂಟು ಹೋಯಿತು.

ಉತ್ತರ ನೋಡಿದ ಮೇಡಂ ಸಂಜೆ ಫೋನಿನಲ್ಲಿ ಕೇಳಿದರು, "ಒಂದೇ ತಿಂಗಳಲ್ಲಿ! ಎಲ್ಲಿ ಕಲಿತೆ?"

"ಅಜ್ಜಿ ಹತ್ತಿರ."

"ರಷ್ಯನ್ ಅಜ್ಜಿನಾ?"

"ಮಸ್ಕಿಯವರು, ಮೇಡಂ."

ಜುಲೈ 14, ಸೋಮವಾರ. ಮಧ್ಯಾಹ್ನ 2

25ಕ್ಕೆ 18. ಸೀಟು ಖಚಿತ. ಮೇಡಂ ಇಮೇಲ್.

ಅಜ್ಜಿಗೆ ಹೇಳಿದೆ. ಮೆಂತ್ಯದ ಡಬ್ಬಿ, ಹೊಸ ಚೀಟಿ, ನನ್ನ ಪೆನ್ನು ಮುಂದಿಟ್ಟಳು. ಬರೆದುಕೊಡು ಎನ್ನುತ್ತಾಳೆ ಎಂದುಕೊಂಡೆ. ಪೆನ್ನಿನ ಕ್ಯಾಪ್ ಹೇಗೆ ತೆಗೆಯುವುದು ಎಂದು ಕೇಳಿದಳು. ತೆಗೆದುಕೊಟ್ಟೆ. ತಾನೇ ಬರೆದಳು. ಈ ಸಲ ಎರಡು ಕಡೆ ಜಾಗ ಬಿಟ್ಟಳು.

ಟೇಪು ಅಂಟಿಸಿದ್ದು ನಾನು.

ಹೈದರಾಬಾದಿನಲ್ಲಿ ಹಾಜರಾಗಬೇಕಾದ್ದು 21, ಸೋಮವಾರ, 10 ಗಂಟೆ. ಬಸ್ಸು 20ರ ಬೆಳಿಗ್ಗೆ 6.15ಕ್ಕೆ, ಮಸ್ಕಿ ಬಸ್‌ಸ್ಟ್ಯಾಂಡಿನಿಂದ.