ವಿಮಾನದ ಮೂತಿಗೆ ಇಟ್ಟ ರಬ್ಬರ್

ಆಲೆಟ್ಟಿ, ೧೨ ಫೆಬ್ರವರಿ ೧೯೮೪, ಭಾನುವಾರ

ರಬ್ಬರ್ ಇಟ್ಟರೆ ನಡುಕ ಕಡಿಮೆಯಾಗಬೇಕಿತ್ತು. ಹೆಚ್ಚಾದದ್ದೇಕೆ?

ಇಂಜಿನಿಯರಿಂಗ್ ಓದುವ ಮಗಳು ವಾರಿಜ ಬ್ಯಾಟರಿಯಿಂದ ಪಂಖ ತಿರುಗುವ ಪುಟ್ಟ ವಿಮಾನ ಮಾಡಿದ್ದಾಳೆ. ನಾಳೆ ಕಾಲೇಜಿನಲ್ಲಿ ಅದು ಹಾರದಿದ್ದರೆ ಅವಳು ಫೇಲ್. ಮೂತಿಯಲ್ಲಿರುವ ಮೋಟರ್ ಗಡಗಡ ಎನ್ನುತ್ತಿತ್ತೆಂದು ನಮ್ಮ ತೋಟದ ರಬ್ಬರ್ ಹಾಳೆಯನ್ನು ಮಡಚಿ ಅದರಡಿ ಇಡಿಸಿದವಳು ನಾನೇ. ವೇಗ ಏರಿದಂತೆ ವಿಮಾನದ ಮೂತಿಯೇ ಗಿರಗಿರ ಸುತ್ತತೊಡಗಿತು. ಪಂಖದ ರೆಕ್ಕೆ ಮುರಿಯಿತು.

“ನಿಮ್ಮ ರಬ್ಬರ್ ಎಲ್ಲದಕ್ಕೂ ಮದ್ದಲ್ಲ ಅಮ್ಮ. ಬುಡ ಮೆತ್ತಗಾದ್ರೆ ಪಂಖವೇ ಮೋಟರನ್ನು ಎಳ್ಕೊಂಡು ಸುತ್ತುದು.”

“ಹಾಗಾದ್ರೆ ಬುಡ ಎಷ್ಟು ಗಟ್ಟಿ ಬೇಕು?”

“ಅದನ್ನು ಕಂಡುಹಿಡಿಯುದೇ ನನ್ನ ಪರೀಕ್ಷೆ ಮಾರಾಯ್ತಿ!”

ನನ್ನನ್ನೇ ಮಾರಾಯ್ತಿ ಎಂದಳು. ಬೈಯಲು ಮರೆತೆ.

ಅವಳು ಹೊಸ ಪಂಖ ಕೆತ್ತಿದಳು. ನಾನು ರಬ್ಬರನ್ನು ಒಂದೇ ಪದರಕ್ಕೆ ಕತ್ತರಿಸಿ ಕೊಟ್ಟೆ. ಚಾವಡಿಯಲ್ಲಿ ಈಗ ಮೋಟರ್ ಶುರುವಾಯಿತು. ಗಡಗಡ ಇಲ್ಲ. ಮೂತಿ ನಿಂತಿದೆಯೋ, ಇನ್ನೂ ವೇಗ ಕೊಟ್ಟಿಲ್ಲವೋ, ಎದ್ದು ನೋಡದೆ ಗೊತ್ತಾಗದು. ಪೆನ್ನು ಇಲ್ಲೇ ಇಟ್ಟು ಹೊರಟೆ.