ಮಂಡಿನೋವಿಗೆ ವ್ಯಾಯಾಮ

ರೀ,

ಲಾಂಡ್ರಿಯಲ್ಲಿ ಇವತ್ತು ಎರಡನೇ ಪಾಳಿ, ಬರುವುದು ಎಂಟಾಗುತ್ತದೆ. ಊಟ ಒಲೆಯ ಮೇಲಿದೆ. ನಲ್ಲಿ ರಿಪೇರಿಯವನು ನಾಲ್ಕಕ್ಕೆ ಬರುತ್ತಾನೆ, ನಿದ್ದೆ ಹೋಗಬೇಡಿ.

ಕಳೆದ ವಾರ ನಿಮ್ಮ ತಂಗಿ ಬರುತ್ತಾಳೆಂದು ನನ್ನ ಹಾಕಿ ಆಟಗಾರನ ಪ್ರೇಮಕಾದಂಬರಿಗೆ ಬಟ್ಟೆ ತೊಡಿಸಿದ್ದು ಗೊತ್ತಾಯಿತು. ಮುಖಪುಟದ ಆಟಗಾರ ಅಂಗಿ ಹಾಕಿಲ್ಲವೆಂದು ಕ್ಯಾಲೆಂಡರ್ ಹಾಳೆಯ ಹೊದಿಕೆ, ಅದರ ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಮಂಡಿನೋವಿಗೆ ವ್ಯಾಯಾಮ’. ಆ ಹೆಸರು ನೋಡಿ ಎದುರುಮನೆಯ ರಿಟೈರ್ಡ್ ಹೆಡ್‌ಮಿಸ್ಸು ಓದಲು ಕೇಳಿದರಂತೆ. ಇಲ್ಲ ಎನ್ನಲು ಬಾಯಿ ಬರದೆ ಕೊಟ್ಟುಬಿಟ್ಟಿರಿ. ನಾನು ಮೂರು ದಿನ ಮನೆಯೆಲ್ಲ ಜಾಲಾಡುತ್ತಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ.

ಹೌದು, ಅದರಲ್ಲಿ ಆಟ ಕಡಿಮೆ, ಮುತ್ತು ಜಾಸ್ತಿ. ಗೊತ್ತಿದ್ದೇ ಓದುತ್ತೇನೆ. ಎಂಟು ಗಂಟೆ ನಿಂತು ಊರವರ ಅಂಗಿಗೆಲ್ಲ ಇಸ್ತ್ರಿ ಹಾಕುವವಳು ನಾನು. ಅಂಗಿಯಿಲ್ಲದ ಒಬ್ಬನನ್ನು ನೋಡಿದರೆ ಯಾರ ಗಂಟೇನು ಹೋಯಿತು?

ಸರಣಿಯ ಉಳಿದ ಐದೂ ಭಾಗಗಳನ್ನು ಹಾಲ್‌ನ ಶೆಲ್ಫಿನಲ್ಲಿ ಮುಖ ಕಾಣುವಂತೆ ಜೋಡಿಸಿದ್ದೇನೆ. ಸಂಜೆ ನಿಮ್ಮ ತಂಗಿ ಮತ್ತೆ ಬರುತ್ತಾಳಂತೆ. ಬರಲಿ. ಕಣ್ಣು ಕುಕ್ಕಿದರೆ ಕಿಟಕಿ ಕಡೆ ನೋಡಲಿ. ನೀವು ಮಾತ್ರ ಅವನ್ನು ಮುಟ್ಟಬೇಡಿ.

ಎರಡನೇ ಭಾಗವನ್ನಷ್ಟೇ ತೆಗೆದು ಹೆಡ್‌ಮಿಸ್ಸಿಗೆ ಕೊಟ್ಟುಬನ್ನಿ. ಬೆಳಿಗ್ಗೆ ಮೊದಲನೆಯದನ್ನು ವಾಪಸು ತಂದವರು, ‘ಮಂಡಿ ಎಷ್ಟೋ ವಾಸಿ ಕಣಮ್ಮ, ಮುಂದಿನ ವ್ಯಾಯಾಮ ಇದ್ಯಾ?’ ಅಂದರು.

ಹೊದಿಕೆ ಹಾಕಬೇಡಿ. ಅವರೇ ಬೇಡ ಅಂದಿದ್ದಾರೆ.