ಇವತ್ತು ಯಶುವಿಗೆ ಗಂಜಿ ಇಲ್ಲ

ದೀಕ್ಷಿತಾ,

ನೀವು ಏಳುವ ಮೊದಲೇ ಕಾಣಿಯೂರಿಗೆ, ತಂಗಿಯ ಮನೆಗೆ ಹೊರಟೆ. ಸಿಟ್ಟಿನಿಂದಲ್ಲ ಮಗಾ.

ಹೋದ ವಾರವೇ ಯಶುವಿನ ಹೃದಯದ ತೂತು ಮುಚ್ಚಬೇಕಿತ್ತು. ಮಗುವನ್ನು ಖಾಲಿ ಹೊಟ್ಟೆಯಲ್ಲಿ ಹೊಸ್ತಿಲು ದಾಟಿಸಬಾರದೆಂದು ನಾನು ನಿನಗೆ ಹೇಳದೆ ಎರಡು ಚಮಚ ಗಂಜಿ ಕುಡಿಸಿದೆ. "ನಿದ್ದೆ ಬರಿಸಿದ ಮೇಲೆ ಆ ಗಂಜಿ ಶ್ವಾಸಕೋಶಕ್ಕೆ ಹೋದರೆ ಎಂತ ಮಾಡುದು ಅಜ್ಜಿ?" ಎಂದು ಅರಿವಳಿಕೆಯ ಡಾಕ್ಟ್ರು ವಾಪಸು ಕಳಿಸಿದರು. ನೀನು ನನಗೆ ಬೈಯದೆ ಮಗುವನ್ನೆತ್ತಿಕೊಂಡು ಮನೆಗೆ ಬಂದೆ.

ಇವತ್ತು ಪುನಃ ಆಪರೇಶನ್ನಿಗೆ ಹೊರಡುವಾಗಲೂ ಅವಳು ಹಸಿವೆಂದು ಅಳುತ್ತಾಳೆ. ನಾನಿದ್ದರೆ ನನ್ನ ಕೈ ಮಾತು ಕೇಳುವುದಿಲ್ಲ.

ಬಾಳೆಗೊನೆ ಅಟ್ಟದಲ್ಲಿ ಉಂಟು, ಕೆಳಗೆ ತರಬೇಡ. ದೇವರ ಪ್ರಸಾದವನ್ನೂ ಅವಳ ಬಾಯಿಗೆ ಹಾಕಬೇಡ, ಹಣೆಗೆ ಗಂಧ ಸಾಕು.

ಅವಳಿಗೆ ಎಚ್ಚರವಾಗಿ ಡಾಕ್ಟ್ರು ಒಪ್ಪಿದ ಮೇಲೆ ಮೊದಲ ಚಮಚ ಗಂಜಿ ನೀನೇ ಕುಡಿಸಿ ಫೋನ್ ಮಾಡು. ಅಲ್ಲಿಯವರೆಗೆ ನಾನೂ ಉಣ್ಣುವುದಿಲ್ಲ.

ಅತ್ತೆ